ಬೂಟು ಬಿಚ್ಚುವ ದಿನ

ಆ ಎಲೆ ಇನ್ನೂ ಅಲ್ಲೇ ಇದೆ, ವೈಪರ್ ಕಡ್ಡಿಯ ಸಂದಿಯಲ್ಲಿ ಸಿಕ್ಕಿಕೊಂಡು, ಗಾಳಿ ಬಂದಾಗ ಪಟಪಟ ಅನ್ನುತ್ತ, ಗಾಳಿ ನಿಂತಾಗ ಗಾಜಿಗೆ ಅಂಟಿ ಮಲಗುತ್ತ, ಇಳಿದು ಕಿತ್ತು ಬಿಸಾಡಬೇಕು ಅಂತ ಮೇಷ್ಟ್ರು ಅಂದುಕೊಂಡರು, ಅಂದುಕೊಂಡ ಮರುಕ್ಷಣವೇ ಅಭ್ಯಾಸಬಲದಿಂದ ಬೇಡಪ್ಪ ಅನ್ನಿಸಿತು, ಇಳಿಯುವುದು ಅಂದರೆ ಮೊದಲು ಸೊಂಟ ತಿರುಗಿಸಬೇಕು, ಎಡಗಾಲು ಹೊರಗಿಡಬೇಕು, ಎರಡೂ ಕೈಯಲ್ಲಿ ಬಲತೊಡೆಯನ್ನು ಮೂಟೆ ಎತ್ತಿದ ಹಾಗೆ ಎತ್ತಿ ಹೊರಗೆ ಹಾಕಬೇಕು, ಅಷ್ಟು ಹೊತ್ತಿಗೆ ಜೀವ ಬಾಯಿಗೆ ಬಂದಿರುತ್ತದೆ — ಅರೆ, ಇವತ್ತು ಹಾಗೇನೂ ಆಗುವುದಿಲ್ಲವಲ್ಲ! ನೋವಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಇಲ್ಲ. ಸೊಂಟದ ಕೆಳಗೆ ಎಲ್ಲೋ ಹುಟ್ಟಿ, ತೊಡೆಯ ಹಿಂಭಾಗದಲ್ಲಿ ಹರಿದು, ಮೀನಖಂಡವನ್ನು ಹಿಂಡಿ, ಹೆಬ್ಬೆರಳಿನ ತುದಿಗೆ ಹೋಗಿ ಚುಳ್ ಅನ್ನುತ್ತಿದ್ದದ್ದು, ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಕೂತ ಭಂಡನ ಹಾಗೆ ಇಷ್ಟು ತಿಂಗಳು ಕೂತಿದ್ದದ್ದು, ರಾತ್ರೋರಾತ್ರಿ ಹೇಳದೆ ಕೇಳದೆ ಖಾಲಿ ಮಾಡಿಕೊಂಡು ಹೋಗಿದೆ, ನಂಬುವುದು ಹೇಗೆ, ನಂಬದೆ ಇರುವುದಾದರೂ ಹೇಗೆ. ಮೇಷ್ಟ್ರೇ, ಬಿಡ್ಲಾ? ಸ್ಟಿಯರಿಂಗ್ ಹಿಂದೆ ಬೇಕರಿಯಮ್ಮ, ಚಕ್ರವನ್ನು ಹಿಟ್ಟಿನ ಮುದ್ದೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಸುಕುತ್ತ, ಮೂಗಿನ ತುದಿಯಲ್ಲಿ ಬೆವರು. ಬಿಡಮ್ಮ, ನಿಧಾನಕ್ಕೆ, ಕ್ಲಚ್ಚು ಅರ್ಧ ಬಿಟ್ಟು ಹಿಡ್ಕೋ — ಹಿಡಿಯಲಿಲ್ಲ, ಎಂದೂ ಹಿಡಿದವಳಲ್ಲ, ಪೂರ್ತಿ ಬಿಟ್ಟಳು, ಕಾರು ಕಪ್ಪೆಯ ಹಾಗೆ ಕುಪ್ಪಳಿಸಿತು, ಮೇಷ್ಟ್ರು ಹಲ್ಲು ಕಚ್ಚಿಕೊಂಡರು, ಕುಪ್ಪಳಿಸಿದಾಗಲೆಲ್ಲ ಬರುತ್ತಿದ್ದ ಆ ಹೊಡೆತಕ್ಕೆ ಕಾದರು, ಬರಲಿಲ್ಲ. ಕಾರು ರಸ್ತೆಗೆ ಹತ್ತಿತು. ಬರಲೇ ಇಲ್ಲ. ಇದಕ್ಕಿಂತ ಸುಖ ಇನ್ನೇನು ಬೇಕು ಮನುಷ್ಯನಿಗೆ, ಕಚ್ಚಿದ ಹಲ್ಲನ್ನು ಬಿಡುವುದೇ ಮರೆತುಹೋಗಿದೆ.

ಡ್ರೈವಿಂಗ್ ಕಲಿಸುವ ಮೇಷ್ಟ್ರು ಇವರು, ಊರಿನವರ ಬಾಯಲ್ಲಿ ಬ್ರೇಕ್ ಮೇಷ್ಟ್ರು, ಯಾಕೆಂದರೆ ಈ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕಿದೆ, ಅದರ ಮೇಲೆ ಮೇಷ್ಟ್ರ ಬಲಗಾಲು ಸದಾ ಹಗುರಕ್ಕೆ ತಾಗಿಕೊಂಡಿರುತ್ತದೆ, ಒತ್ತುವುದಿಲ್ಲ, ಬಿಡುವುದೂ ಇಲ್ಲ. ಎರಡೂ ಬ್ರೇಕು ಒಂದೇ ಸರಳಿಗೆ ಬಿಗಿದವು, ಕಲಿಯುವವರು ತುಳಿದರೆ ಇಲ್ಲಿಯದೂ ಇಳಿಯುತ್ತದೆ, ಮೇಷ್ಟ್ರು ತುಳಿದರೆ ಅಲ್ಲಿಯದೂ, ಒಂದೇ ಹಗ್ಗದ ಎರಡು ತುದಿ. ಕಲಿಯುವವರ ಕಣ್ಣು ಹೆದರುವ ಮೊದಲೇ ಅವರ ಕಾಲು ಹೆದರುತ್ತದೆ, ಆ ನಡುಕ ಸರಳಿನಲ್ಲಿ ಬಂದು ತನ್ನ ಅಂಗಾಲಿಗೆ ತಾಕುತ್ತಿತ್ತು, ಯಾರು ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾರೆ, ಯಾರು ರಾತ್ರಿ ನಿದ್ದೆ ಮಾಡಿಲ್ಲ, ಎಲ್ಲ ಅಂಗಾಲಿಗೆ ಗೊತ್ತು, ಇಷ್ಟು ವರ್ಷದಲ್ಲಿ ಈ ಕಾರಿಗೆ ಒಂದು ಗೀರು ಬಿದ್ದಿಲ್ಲ. ಬಲಕ್ಕೆ ಇಂಡಿಕೇಟರ್ ಹಾಕಮ್ಮ, ಅದು ವೈಪರ್ — ವೈಪರ್ ಎದ್ದು ಎಲೆಯನ್ನು ಒಂದು ಸಲ ಅತ್ತ ಎಳೆದು ಇತ್ತ ಎಳೆದು ಮತ್ತೆ ಅಲ್ಲೇ ತಂದು ಮಲಗಿಸಿತು. ಅಯ್ಯೋ ಸಾರಿ ಮೇಷ್ಟ್ರೇ. ಸಾರಿ ನನಗ್ಯಾಕಮ್ಮ, ಆ ಎಲೆಗೆ ಹೇಳು. ಅವಳು ನಕ್ಕಳು, ಮೇಷ್ಟ್ರು ತಮಾಷೆ ಮಾಡಿ ಎಷ್ಟು ಕಾಲವಾಯಿತು, ಅವಳಿಗೂ ಆಶ್ಚರ್ಯ, ಏನ್ ಮೇಷ್ಟ್ರೇ ಇವತ್ತು ಮುಖ ಕಳೆಕಳೆಯಾಗಿದೆ, ನೋವು ಕಮ್ಮಿನಾ? ಕಮ್ಮಿ ಅಲ್ಲ, ಇಲ್ಲವೇ ಇಲ್ಲ. ಹಾಗೆ ಹೇಳುವಾಗ ತನ್ನ ದನಿಯೇ ತನಗೆ ಬೇರೆ ಯಾರದೋ ಅನ್ನಿಸಿತು.

ಬೆಳಿಗ್ಗೆಯೂ ಹೀಗೇ ಹೇಳಿದ್ದು, ಹಾಸಿಗೆಯ ಅಂಚಿನಲ್ಲಿ ಕೂತು ಒಂದು ಸಲ ನಿಂತು ಮತ್ತೆ ಕೂತು, ಏನೇ, ನೋವಿಲ್ಲ ಕಣೇ ಅಂತ, ಹೆಂಡತಿ ಅಡುಗೆಮನೆಯಲ್ಲಿ ಆಗಲೇ ಬಾಣಲೆ ಇಟ್ಟು ಉಪ್ಪು ಹುರಿಯುತ್ತಿದ್ದಳು, ದಿನಾ ಬೆಳಗಾದರೆ ಮೊದಲು ಅದೇ ಕೆಲಸ, ಕಾಫಿಗಿಂತ ಮೊದಲು ಉಪ್ಪು, ಹುರಿದ ಕಲ್ಲುಪ್ಪನ್ನು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಸೊಂಟದಿಂದ ಹಿಮ್ಮಡಿವರೆಗೆ ಒತ್ತುವುದು, ಬಿಸಿ ಹೆಚ್ಚಾಯ್ತಾ ರೀ, ಇಲ್ಲ ಕಣೇ, ಇನ್ನೊಂದು ಸ್ವಲ್ಪ, ಅವಳ ಬೆರಳ ತುದಿಗಳು ಕೆಂಪಾಗಿ ಸಿಪ್ಪೆ ಸುಲಿದಿವೆ, ಅದನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ, ನೋಡದವರ ಹಾಗೆ ಇರುತ್ತಾರೆ ಇವರು. ನೋವಿಲ್ಲ ಅಂದ ಕೂಡಲೇ ಅವಳು ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು, ಕಣ್ಣು ತುಂಬಿ ಬಂತು. ಮಾತಾಡುವುದಕ್ಕೆ ಬೇರೆಯವರಿದ್ದರು. ನಾನು ಹೇಳ್ಲಿಲ್ವಾ — ಅತ್ತೆ, ಒಳಕೋಣೆಯಿಂದ, ಹಾಸಿಗೆ ಬಿಟ್ಟು ಏಳುವ ಮೊದಲೇ — ನಾನು ಹೇಳ್ಲಿಲ್ವಾ, ಹರಳೆಣ್ಣೇಲಿ ಬೆಳ್ಳುಳ್ಳಿ ಹಾಕಿ ಕಾಯಿಸಿ ತೀಡಿದ್ರೆ ವಾಯು ಹೇಗೆ ನಿಲ್ಲುತ್ತೆ ನೋಡ್ತೀನಿ ಅಂತ, ಅಳಿಯಂದ್ರು ವಾಸನೆ ಅಂತ ಮೂಗು ಮುಚ್ಕೋತಿದ್ರು! ಅಷ್ಟರಲ್ಲಿ ಪಕ್ಕದ ಮನೆಯಿಂದ ಭಾವಮೈದ ಬಂದ, ಅವನ ಕಿವಿಗೆ ಗೋಡೆ ಅಡ್ಡ ಬರುವುದಿಲ್ಲ, ಎಣ್ಣೆಯಂತೆ ಎಣ್ಣೆ, ಭಾವನ ಸೊಂಟಕ್ಕೆ ಆಯಸ್ಕಾಂತದ ಬೆಲ್ಟು ತಂದು ಕಟ್ಟಿದ್ದು ಯಾರು? ಬೆಲ್ಟು! ಅದನ್ನು ಕಟ್ಟಿಕೊಂಡು ಅಡುಗೆಮನೆಗೆ ಹೋದರೆ ಚಮಚ ಹಿಂದೆಯೇ ಬರುತ್ತಿತ್ತು, ಒಂದು ದಿನ ಡ್ರೈವಿಂಗ್ ಸ್ಕೂಲಿನ ಬೀಗದ ಕೈ ಗೊಂಚಲು ಕಾಣದೆ ಮನೆಮಂದಿಯೆಲ್ಲ ಹುಡುಕಿದರು, ಕೊನೆಗೆ ನೋಡಿದರೆ ಮೇಷ್ಟ್ರ ಬೆನ್ನಿಗೇ ನೇತಾಡುತ್ತಿದೆ. ಅಮ್ಮ ಮಗ ಇಬ್ಬರಿಗೂ ಜಗಳ ಹತ್ತಿತು, ತಮಾಷೆಗಲ್ಲ, ನಿಜವಾದ ಜಗಳ, ಗೆದ್ದೆತ್ತಿನ ಬಾಲ ಹಿಡಿಯುವುದಕ್ಕೆ ಎಷ್ಟು ಕೈಗಳು, ಭಾವಮೈದ ಸಿಟ್ಟಿಗೆ, ನ್ಯಾಯ ಕೇಳಲು, ಸೂಜಿ ಚುಚ್ಚುವ ಡಾಕ್ಟರಿಗೂ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ, ಅವರೂ ಸುಮ್ಮನಿರುತ್ತಾರೆಯೇ, ನೋಡಿದ್ರಾ, ಮೊನ್ನೆ ಕಿವಿ ಹಿಂದೆ ಚುಚ್ಚಿದ ಸೂಜಿ ಇವತ್ತು ಕೆಲಸ ಮಾಡಿದೆ ಅಂದರು. ಹೆಂಡತಿ ಮಾತ್ರ ಒಲೆ ಆರಿಸಿ, ಉಪ್ಪಿನ ಬಟ್ಟೆಯನ್ನು ಸೋಪು ಹಚ್ಚಿ ಒಗೆದು, ಹಿಂಡಿ, ಕೊಡವಿ, ತಂತಿಯ ಮೇಲೆ ಹರವಿದಳು, ಇನ್ನು ಇದರ ಕೆಲಸ ಮುಗಿಯಿತು ಅನ್ನುವ ಹಾಗೆ. ಈ ಮನೆಯಲ್ಲಿ ಎಲ್ಲರೂ ತನ್ನ ಕಾಲನ್ನು ಹೊತ್ತುಕೊಂಡು ತಿರುಗಿದ್ದಾರೆ ಇಷ್ಟು ದಿನ, ಇವತ್ತು ಇಳಿಸಿದ್ದಾರೆ, ಆ ಹಗುರ ಅವರ ಮುಖದ ಮೇಲಿದೆ. ಆ ಖುಷಿಯಲ್ಲೇ ಮೆಟ್ಟಿಲು ಇಳಿದು ಬಂದದ್ದು, ಕೆಳಗೆ ಬಂದ ಮೇಲೆ ಮೇಲಿಂದ ಅವಳ ದನಿ, ರೀ, ಒಂದು ಚಪ್ಪಲಿ ಇಲ್ಲೇ ಬಿಟ್ಟು ಹೋಗ್ತಿದ್ದೀರಲ್ಲ, ಖುಷೀಲಿ ಮೈಮೇಲೆ ಜ್ಞಾನಾನೇ ಇಲ್ವಾ! ತಿರುಗಿ ನೋಡಿದರೆ ಮೇಲಿನ ಮೆಟ್ಟಿಲ ಮೇಲೆ ಬಲಗಾಲಿನ ಚಪ್ಪಲಿ, ಒಂಟಿಯಾಗಿ, ಮುಂದಿನ ಮೆಟ್ಟಿಲಿಗೆ ಮುಖ ಮಾಡಿ ಕೂತಿದೆ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಬರಿಗಾಲಿನಲ್ಲಿ ಅಷ್ಟು ಮೆಟ್ಟಿಲು ಇಳಿದರೂ ಕಲ್ಲಿನ ತಂಪು ಯಾಕೆ ತಾಗಲಿಲ್ಲ ಅಂತ ಆಗ ಯಾರೂ ಕೇಳಲಿಲ್ಲ, ತಾನೂ ಕೇಳಿಕೊಳ್ಳಲಿಲ್ಲ.

ಈಗ ಯಾಕೆ ಕೇಳಿಕೊಳ್ಳಬೇಕು, ಚಪ್ಪಲಿ ಸಡಿಲ, ಅಷ್ಟೇ, ಅದರ ಪಟ್ಟಿ ಸವೆದಿದೆ — ಎರಡನೇ ಗೇರಮ್ಮ, ಎರಡನೇದು, ಹಾಂ — ಚಪ್ಪಲಿ ಹಾಕಿಕೊಂಡು ಕಾರು ಹತ್ತುವವನನ್ನು ಮೊದಲ ದಿನವೇ ಇಳಿಸಿ ಮನೆಗೆ ಕಳಿಸುತ್ತಿದ್ದ ಮೇಷ್ಟ್ರು ಇವರು, ಪೆಡಲ್ ಹತ್ರ ಚಪ್ಪಲಿ ಬರಕೂಡ್ದು, ಚಪ್ಪಲಿ ಬೇಕಿದ್ರೆ ನಡ್ಕೊಂಡು ಹೋಗಿ, ಕಾರು ಯಾಕೆ ಬೇಕು, ಎಷ್ಟು ಜನರಿಗೆ ಹೇಳಿಲ್ಲ ಈ ಮಾತು. ತಾನು ಸದಾ ಬೂಟು, ಲೇಸು ಕಟ್ಟಿದ ಕರಿ ಬೂಟು. ಬಗ್ಗುವುದಕ್ಕೆ ಆಗದೆ ಹೋದಾಗ ಹೆಂಡತಿ ಲೇಸು ಕಟ್ಟಲು ಶುರು ಮಾಡಿದಳು, ಬಾಗಿಲಲ್ಲಿ ಮಗುವನ್ನು ಶಾಲೆಗೆ ಕಳಿಸುವ ಹಾಗೆ, ಒಂದು ದಿನ ಎದುರುಮನೆಯವರು ನೋಡಿ, ಏನ್ ಮೇಷ್ಟ್ರೇ, ರಾಜೋಪಚಾರ ಅಂದರು, ಮರುದಿನದಿಂದ ಚಪ್ಪಲಿ. ಅಭಿಮಾನಕ್ಕೆ ಬೂಟು ಬಿಟ್ಟದ್ದು, ನಾಚಿಕೆಯಾಗಬೇಕು. ಆ ಬೂಟಿಗೂ ಒಂದು ಮರ್ಯಾದೆಯಿತ್ತು, ಕಲಿಯುವವರು ಪಕ್ಕಾ ಆದರು ಅಂತ ಮನಸ್ಸಿಗೆ ಬಂದ ದಿನ ಮೇಷ್ಟ್ರು ಮಾತಾಡುವುದಿಲ್ಲ, ಹೊಗಳುವುದಿಲ್ಲ, ನಡುರಸ್ತೆಯಲ್ಲಿ ಗಾಡಿ ಓಡುತ್ತಿರುವಾಗಲೇ ಬಗ್ಗಿ ಬಲಗಾಲಿನ ಬೂಟು ಬಿಚ್ಚಿ, ಕಾಲನ್ನು ಬ್ರೇಕಿನ ಪಕ್ಕಕ್ಕೆ ನೆಲದ ಮೇಲೆ ಇಟ್ಟುಬಿಡುತ್ತಾರೆ, ಇನ್ನು ನೀನುಂಟು ನಿನ್ನ ರಸ್ತೆಯುಂಟು ಅಂತ. ಮೇಷ್ಟ್ರು ಬೂಟು ಬಿಚ್ಚಿದರು ಅಂದರೆ ಲೈಸೆನ್ಸ್ ಬಂದ ಹಾಗೇ, ಕಲಿತು ಹೋದವರು ಎಲ್ಲಾದರೂ ಸಿಕ್ಕರೆ, ನಿಮಗೆ ಯಾವಾಗ ಬಿಚ್ಚಿದ್ರು ಅಂತ ಒಬ್ಬರನ್ನೊಬ್ಬರು ಕೇಳುತ್ತಾರಂತೆ. ಬೇಕರಿಯಮ್ಮನೂ ಕೇಳುತ್ತಾಳೆ, ವಾರಕ್ಕೊಂದು ಸಲ, ನನಗೆ ಯಾವಾಗ ಮೇಷ್ಟ್ರೇ ಬೂಟು ಬಿಚ್ಚೋದು, ಟೆಸ್ಟಿನಲ್ಲಿ ಪದೇ ಪದೇ ಫೇಲಾದವಳು, ಗಂಡ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಬ್ರೆಡ್ಡಿನ ಜೊತೆ ಇದನ್ನೂ ಕಟ್ಟಿ ಕೊಡುತ್ತಾನೆ, ನಮ್ಮವಳು ಲೈಸೆನ್ಸ್ ತಗೊಳ್ಳೋ ಹೊತ್ತಿಗೆ ಕಾರುಗಳೇ ತಾವಾಗಿ ಓಡ್ತವೆ ಬಿಡಿ. ವ್ಯಾನಿನ ಡ್ರೈವರ್ ಕೆಲಸ ಬಿಟ್ಟಿದ್ದಾನೆ, ಬ್ರೆಡ್ಡು ಹಂಚುವುದಕ್ಕೆ ತಾನೇ ಹೋಗುತ್ತೇನೆ ಅಂತ ಅವಳ ಹಟ, ನಾಳೆ ಮತ್ತೆ ಟೆಸ್ಟು. ಎದುರಿಗೆ ಏನಾದರೂ ಬಂದರೆ ಸಾಕು, ಅವಳು ಬ್ರೇಕು ತುಳಿಯುವುದಿಲ್ಲ, ಮೇಷ್ಟ್ರ ಕಾಲಿಗೆ ಕಾಯುತ್ತಾಳೆ, ಅದೇ ಅವಳ ರೋಗ, ಇಷ್ಟು ದಿನ ಆ ಕಾಲು ಯಾವತ್ತೂ ಅವಳನ್ನು ಕೈಬಿಟ್ಟಿಲ್ಲ.

ಕಾಲು. ಅದಕ್ಕಾಗಿ ಏನೇನು ಮಾಡಿದ್ದಾಯಿತು, ಊರಿಗೆಲ್ಲ ಗೊತ್ತು, ಕಾರು ಹತ್ತಿದವರೆಲ್ಲ ಡಾಕ್ಟರುಗಳೇ, ಗೇರು ಬದಲಾಯಿಸಲು ಬಾರದವನಿಗೂ ಸಯಾಟಿಕಾಕ್ಕೆ ಮದ್ದು ಗೊತ್ತು. ಮೆಂತ್ಯ ನೆನೆಸಿದ ನೀರು ಕುಡೀರಿ, ಕುಡಿದರು. ಮಂಚ ಬಿಡಿ, ಹಲಗೆ ಮೇಲೆ ಮಲಗಿ, ಮಲಗಿದರು. ಟೆನಿಸ್ ಚೆಂಡಿನ ಮೇಲೆ ಕೂತ್ಕೊಳ್ಳಿ, ಕೂತರು, ಚೆಂಡು ಜಾರಿ ಮಂಚದಡಿ ಹೋದರೆ ಅದನ್ನು ತೆಗೆಯುವುದಕ್ಕೆ ಇನ್ನೊಬ್ಬರು ಬೇಕು. ಮಾಲೀಶಿನವನು ಬೆನ್ನಿನ ಮೇಲೇ ಹತ್ತಿ ನಿಂತು, ಟಕ್ ಅಂದಿತಲ್ಲ, ಅದೇ ನೋಡಿ ಹೋಗಿದ್ದು ಅಂದ, ಹೋಗಿದ್ದು ಅವನು. ರಿಟೈರಾದ ಜಡ್ಜು ಸಾಹೇಬರು ರಿವರ್ಸ್ ತೆಗೆಯುತ್ತ ಹೇಳಿದರು, ಬಾಗಿಲ ಚೌಕಟ್ಟಿಗೆ ನೇತಾಡಿ ಮೇಷ್ಟ್ರೇ, ಬೆನ್ನುಮೂಳೆ ಬಿಚ್ಚಿಕೊಳ್ಳುತ್ತೆ, ಅದನ್ನೂ ಮಾಡಿದರು, ಸ್ಟೂಲಿನ ಮೇಲೆ ನಿಂತು ಚೌಕಟ್ಟು ಹಿಡಿದರು, ಸ್ಟೂಲು ಉರುಳಿತು, ಇಳಿಯೋಣವೆಂದರೆ ಬಲಗಾಲನ್ನು ನೆಲಕ್ಕೆ ಊರುವ ಧೈರ್ಯವಿಲ್ಲ, ಬಿಡೋಣವೆಂದರೆ ಬೀಳುವ ಭಯ, ಅತ್ತ ದರಿ ಇತ್ತ ಪುಲಿ, ಬಟ್ಟೆಯ ಹಾಗೆ ಜೋತಾಡುತ್ತ ಏನೇ, ಏನೇ ಅಂತ ಕೂಗಿದರು, ಅವಳು ಬಂದು ಸೊಂಟ ತಬ್ಬಿ ಹಿಡಿದು ಇಳಿಸಿಕೊಂಡಳು, ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ನಕ್ಕರು, ನಗುತ್ತ ನಗುತ್ತ ಅವಳು ಅತ್ತಳು. ಆಸ್ಪತ್ರೆಗೆ ಹೋಗೋಣ ರೀ. ಹೋಗೋಣ ಕಣೇ, ಈ ಎಣ್ಣೆ ಒಂದು ಮುಗೀಲಿ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಯಾಕೆ, ಡಾಕ್ಟರು ಕಾಲು ಹಿಡಿದು ನೋಡಿ, ನೀವು ಇನ್ನು ಬ್ರೇಕಿನ ಹತ್ತಿರ ಕೂರಬೇಡಿ ಅಂದುಬಿಟ್ಟರೆ, ಮತ್ತೆ ಎಲ್ಲಿ ಕೂರುವುದು, ಬ್ರೇಕಿಲ್ಲದ ಮೇಷ್ಟ್ರನ್ನು ಯಾರು ಏನೆಂದು ಕರೆಯುತ್ತಾರೆ. ಒಬ್ಬಳೇ ಒಬ್ಬಳು ಮದ್ದು ಹೇಳದೆ ಇದ್ದದ್ದು ಆ ನರ್ಸಮ್ಮ, ಹಿಂದಿನ ಬ್ಯಾಚಿನವಳು, ಅವಳು ಮೈದಾನದ ಪಕ್ಕದ ಕಟ್ಟೆಯ ಮೇಲೆ ಕೂರಿಸಿ, ತಾನೇ ಮೇಷ್ಟ್ರ ಬೂಟು ಬಿಚ್ಚಿ, ಹೆಬ್ಬೆರಳ ಮೇಲೆ ತನ್ನ ಬೆರಳಿಟ್ಟು ಒತ್ತಿ, ಮೇಲೆ ಎತ್ತಿ ಮೇಷ್ಟ್ರೇ ಅಂದಳು, ಎತ್ತಿದರು. ಇನ್ನೂ ಜೋರಾಗಿ. ಎತ್ತಿದರು. ಸದ್ಯ, ಶಕ್ತಿ ಇದೆ. ನೋವಿಗೆ ಹೆದರಬೇಡಿ, ನೋವಿದೆ ಅಂದ್ರೆ ನರ ಇನ್ನೂ ಕೂಗ್ತಾ ಇದೆ ಅಂತ — ಅಷ್ಟೇ ಹೇಳಿದ್ದು ಅವಳು, ಹೆದರಬೇಡಿ ಅಂತ, ಅಷ್ಟೇ ತಾನೇ, ಎಲ್ಲರಿಗೂ ಹೇಳಿದ್ದರು ಮೇಷ್ಟ್ರು, ನರ್ಸಮ್ಮನೇ ಹೆದರಬೇಡಿ ಅಂದಿದ್ದಾಳೆ ಅಂತ.

ಅಷ್ಟೇ ಅಲ್ಲ. ಇನ್ನೊಂದು ಮಾತು ಹೇಳಿದ್ದಳು. ಮೂರನೇ ಗೇರಿಗೆ ಹಾಕ್ಲಾ ಮೇಷ್ಟ್ರೇ? ಬೇಡಮ್ಮ, ಇಳಿಜಾರು ಬರುತ್ತೆ, ಎರಡರಲ್ಲೇ ಇರ್ಲಿ. ಬೂಟಿನ ಲೇಸು ತಿರುಗಿ ಕಟ್ಟುತ್ತ ಹೇಳಿದ್ದಳು ನರ್ಸಮ್ಮ, ತಲೆ ಎತ್ತದೆ, ನರ ಕೂಗೋದು ಇದ್ದಕ್ಕಿದ್ದ ಹಾಗೆ ನಿಲ್ಲಿಸಿ, ಕಾಲು ಮರಗಟ್ಟಿ, ಈ ಬೆರಳು ಏಳದೇ ಹೋಯ್ತು ಅಂದ್ರೆ ಅವತ್ತೇ ಬನ್ನಿ ಮೇಷ್ಟ್ರೇ, ಅವತ್ತೇ, ಎಣ್ಣೆ ಗಿಣ್ಣೆ ಅಂತ ಕೂತ್ಕೋಬೇಡಿ, ಆಮೇಲೆ ಆ ನರ ವಾಪಸ್ ಬರುತ್ತೆ ಅಂತ ಯಾರೂ ಹೇಳಕ್ಕಾಗಲ್ಲ. ಈ ಮಾತು ಇಷ್ಟು ದಿನ ಎಲ್ಲಿತ್ತು, ಕಿವಿಯಲ್ಲಿತ್ತೇ, ಎಲ್ಲಿ ಅವಿತುಕೊಂಡಿತ್ತು, ಈಗಲೇ ಯಾಕೆ ಎದ್ದು ಬಂತು, ಎದುರಿಗೆ ಇಳಿಜಾರು, ಎರಡೂ ಕಡೆ ಅಂಗಡಿಗಳು, ಬಕೆಟ್ಟುಗಳ ಗೋಪುರ, ಸೈಕಲ್ ರಿಪೇರಿಯವನ ಟೈರುಗಳು. ಮೆಟ್ಟಿಲ ಮೇಲಿನ ಚಪ್ಪಲಿ. ಬೆಳಿಗ್ಗೆ ಕಾರಿನವರೆಗೆ ನಡೆಯುವಾಗ ಬಲಪಾದ ತಪಕ್ ತಪಕ್ ಅಂತ ನೆಲಕ್ಕೆ ಬಡಿಯುತ್ತಿತ್ತು, ಚಪ್ಪಲಿಯ ಸದ್ದು ಅಂದುಕೊಂಡದ್ದು. ಎರಡನೇ ಸಲ ಚಪ್ಪಲಿ ಕಾರಿನ ಬಾಗಿಲ ಹತ್ತಿರ ಕಳಚಿ ಬಿದ್ದಿತು, ಕೈಯಲ್ಲಿ ಎತ್ತಿ ಪಾದಕ್ಕೆ ತುರುಕಿಕೊಂಡದ್ದು, ಪಾದ ತಣ್ಣಗಿತ್ತು, ಕೈಗೆ ಗೊತ್ತಾಯಿತು, ಪಾದಕ್ಕೆ ಕೈ ಗೊತ್ತಾಗಲಿಲ್ಲ. ಈಗ ಬೆರಳು ಎತ್ತಿ ನೋಡಬಹುದು, ಎಷ್ಟು ಹೊತ್ತಿನ ಕೆಲಸ, ಎತ್ತು, ಎತ್ತಿದೆನಲ್ಲ, ಎತ್ತಿದೆನೇ? ಕೆಳಗೆ ಕತ್ತಲು, ಡ್ಯಾಶ್‌ಬೋರ್ಡಿನ ನೆರಳು, ಬಗ್ಗಿ ನೋಡಿದರೆ ಕಾಣುತ್ತದೆ, ನೋಡಿದರೆ ತಾನೇ ಕಾಣುವುದು, ನೋಡದಿದ್ದರೆ ಇನ್ನೂ ಸ್ವಲ್ಪ ಹೊತ್ತು ನೋವು ಹೋಗಿದೆ, ವಾಸಿಯಾಗಿದೆ, ಉಪ್ಪಿನ ಬಟ್ಟೆ ತಂತಿಯ ಮೇಲೆ ಒಣಗುತ್ತಿದೆ, ಅವಳು ಇವತ್ತು ಬೆರಳಿಗೆ ಬೆಣ್ಣೆ ಹಚ್ಚಿಕೊಂಡು ಹಾಯಾಗಿ ಕೂತಿರುತ್ತಾಳೆ. ಹೋಗಿ ಏನೆಂದು ಹೇಳುವುದು, ನೋವು ಬೇಕು ಕಣೇ, ನೋವು ಇದ್ದಿದ್ದರೇ ಚೆನ್ನಾಗಿತ್ತು, ತಿರುಗಿ ಬಾಣಲೆ ಇಡು ಅಂತಲೇ? ಇಲ್ಲಿ ನಿಲ್ಲಿಸು ಅನ್ನಬೇಕು ಇವಳಿಗೆ. ಮುಂದಿನ ತಿರುವಿನಲ್ಲಿ ಹೇಳೋಣ, ಈಗ ಹಿಂದೆ ಲಾರಿಯಿದೆ, ಮುಂದಿನ ತಿರುವು ಇನ್ನೇನು ಬಂತು, ಭಯವಾಗುತ್ತಿದೆ, ಇಷ್ಟು ವರ್ಷ ಈ ಸೀಟಿನಲ್ಲಿ ಕೂತವನಿಗೆ ಮೊದಲ ಸಲ ಕಲಿಯುವವರ ಭಯ ಗೊತ್ತಾಗುತ್ತಿದೆ, ಅಮ್ಮಾ, ಸ್ವಲ್ಪ ಸೈಡಿಗೆ —

ಬಾಗಿಲು. ರಸ್ತೆಯ ಮಧ್ಯೆ ಒಂದು ಬಾಗಿಲು ನಡೆದುಕೊಂಡು ಬರುತ್ತಿದೆ, ಹೊಸ ಮರದ ಬಾಗಿಲು, ಚಿಲಕ ಇನ್ನೂ ಹಾಕಿಲ್ಲ, ಕೆಳಗೆ ಎರಡು ಕಾಲು, ಯಾವನೋ ಬಡಗಿ ಒಂದು ಪಕ್ಕಕ್ಕೆ ಹೆಗಲಿಗೊರಗಿಸಿ ಹೊತ್ತು ಓಣಿಯಿಂದ ಇಳಿದು ಅಡ್ಡ ದಾಟುತ್ತಿದ್ದಾನೆ, ಅವನಿಗೆ ಕಾರು ಕಾಣುವುದಿಲ್ಲ, ಬಾಗಿಲು ಮುಖಕ್ಕೇ ಅಡ್ಡ, ಇಳಿಜಾರಿನಲ್ಲಿ ಕಾರು ತಾನಾಗಿ ಓಡುತ್ತಿದೆ, ಬೇಕರಿಯಮ್ಮ ಮೇಷ್ಟ್ರೇ ಅಂದಳು, ತುಳಿದರು ಮೇಷ್ಟ್ರು, ತುಳಿದೇ ತುಳಿದರು, ತೊಡೆಯಿಂದ ತುಳಿದರು, ಸೊಂಟದಿಂದ ತುಳಿದರು, ಕಾರು ನಿಲ್ಲಲಿಲ್ಲ. ತುಳಿದಿದ್ದೇನಲ್ಲ! ಬಾಗಿಲಿನ ಮರದ ಗೆರೆ ಗೆರೆ ಕಾಣುತ್ತಿದೆ, ಒಂದು ಗಂಟು ಕಾಣುತ್ತಿದೆ, ಕೆಳಗಿನ ಕಾಲುಗಳು ಬರಿಗಾಲು, ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ, ಮೇಷ್ಟ್ರೇ, ಮೇಷ್ಟ್ರೇ, ಆಮೇಲೆ ಅವಳು ಮೇಷ್ಟ್ರೇ ಅನ್ನುವುದನ್ನು ನಿಲ್ಲಿಸಿದಳು, ಸೀಟಿನಿಂದ ಅರ್ಧ ಎದ್ದು ನಿಂತಳು, ಕಾರು ಮೂಗು ನೆಲಕ್ಕೆ ಉಜ್ಜಿದ ಹಾಗೆ ಬಗ್ಗಿ, ಕಿರ್ರೆಂದು, ನಿಂತಿತು. ವೈಪರಿನ ಎಲೆ ಹಾರಿ ಹೋಯಿತು. ಬಾಗಿಲು ಬಂಪರಿನಿಂದ ಒಂದು ಗೇಣು ದೂರದಲ್ಲಿ, ತನಗೆ ಏನೂ ಗೊತ್ತೇ ಇಲ್ಲ ಅನ್ನುವ ಹಾಗೆ, ಅದೇ ನಿಧಾನದಲ್ಲಿ ದಾಟಿ ಆಚೆ ಹೋಯಿತು, ಹಿಂದೆ ಲಾರಿಯವನು ಹಾರ್ನು ಒತ್ತುತ್ತಿದ್ದಾನೆ. ಮೇಷ್ಟ್ರ ಕೈ ತಾನಾಗಿ ಹೋಗಿ ಹ್ಯಾಂಡ್‌ಬ್ರೇಕ್ ಎಳೆಯಿತು, ಕೀಲಿ ತಿರುಗಿಸಿತು, ಸದ್ಯ, ಕೈ ಇನ್ನೂ ಹೇಳಿದ ಮಾತು ಕೇಳುತ್ತದೆ.

ಅವಳು ಅಳುತ್ತಿದ್ದಾಳೆ. ಇಲ್ಲ, ನಗುತ್ತಿದ್ದಾಳೆ, ಎರಡೂ. ನಾನೇ ನಿಲ್ಲಿಸಿದೆ ಮೇಷ್ಟ್ರೇ, ನಾನೇ, ನೀವು ತುಳೀಲೇ ಇಲ್ಲ! ಕಾಯ್ತಾ ಇದ್ದೆ ನೋಡಿ ಎಂದಿನ ಹಾಗೆ, ನಿಮ್ಮ ಕಾಲಿಗೆ, ಕೆಳಗೆ ನೋಡಿದ್ರೆ ನಿಮ್ಮ ಕಾಲು ಪಕ್ಕದಲ್ಲಿದೆ, ಬರಿಗಾಲು, ಬೂಟು ಬಿಚ್ಚಿಬಿಟ್ಟಿದ್ದೀರ, ಬೂಟಲ್ಲ, ಚಪ್ಪಲಿ, ಎರಡೂ ಒಂದೇ, ಒಂದು ಮಾತಾದ್ರೂ ಹೇಳ್ಬಾರ್ದಾ, ಹೇಳಿದ್ರೆ ನಾನು ಹೆದರ್ತೀನಿ ಅಂತ ಹೇಳ್ಲಿಲ್ಲ ಅಲ್ವಾ? ನಮ್ಮ ಯಜಮಾನ್ರಿಗೆ ಇವತ್ತು ಹೋಗಿ ಹೇಳ್ತೀನಿ, ಬ್ರೇಕ್ ಮೇಷ್ಟ್ರು ನನಗೂ ಬಿಚ್ಚಿದ್ರು ಅಂತ, ಅಂಗಡೀಲಿ ಎಲ್ಲರ ಮುಂದೆ ಹೇಳ್ತೀನಿ, ಸೆರಗಿನಲ್ಲಿ ಮೂಗು ಒರೆಸಿಕೊಂಡಳು, ಬ್ರೇಕು ಮಾತ್ರ ಯಾಕೋ ಗಟ್ಟಿ ಅನ್ನಿಸ್ತು ಮೇಷ್ಟ್ರೇ, ಏನೋ ಅಡ್ಡ ಸಿಕ್ಕಿದ ಹಾಗೆ, ಕೆಳಗೇ ಇಳೀಲಿಲ್ಲ, ಜೀವ ಬಿಟ್ಟು ಎದ್ದು ನಿಂತು ತುಳಿದೆ. ಮೇಷ್ಟ್ರು ಬಗ್ಗಿದರು, ಈಗ ಬಗ್ಗುವುದು ಎಷ್ಟು ಸಲೀಸು, ಡ್ಯಾಶ್‌ಬೋರ್ಡಿನ ನೆರಳಿಗೆ ಕಣ್ಣು ಹೊಂದಿಕೊಂಡಿತು, ಅಲ್ಲಿದೆ, ಬ್ರೇಕಿನ ಅಡಿಯಲ್ಲಿ, ತನ್ನ ಚಪ್ಪಲಿ, ಹಿಮ್ಮಡಿಯ ಕಡೆ ಮಡಚಿ, ಪೆಡಲಿಗೂ ನೆಲಕ್ಕೂ ನಡುವೆ ಬೆಣೆಯ ಹಾಗೆ ಸಿಕ್ಕಿಕೊಂಡು, ಒಂದೇ ಸರಳು, ಎರಡು ಬ್ರೇಕು, ಅವಳು ಎದ್ದು ನಿಲ್ಲದೆ ಇದ್ದಿದ್ದರೆ, ಅವಳು ಇನ್ನೂ ಒಂದು ಸಲ ಮೇಷ್ಟ್ರೇ ಅಂದಿದ್ದರೆ. ಪಕ್ಕದಲ್ಲಿ ಒಂದು ಪಾದ, ಬೆಳ್ಳಗೆ, ಮಗ್ಗುಲಾಗಿ, ಯಾರದೋ ಪಾದ ಅನ್ನುವ ಹಾಗೆ. ಹೇಳಬೇಕು ಇವಳಿಗೆ, ನಿಜ ಹೇಳಬೇಕು, ಅಮ್ಮಾ, ನಾನು ಬಿಚ್ಚಿದ್ದಲ್ಲ, ಬಿದ್ದುಹೋಗಿದ್ದು, ಹೇಳಿದರೆ ಈ ಮುಖ ಏನಾಗುತ್ತದೆ, ಹೇಳದಿದ್ದರೆ, ಹೇಳಬೇಕು, ಮನೆಯಲ್ಲೂ ಹೇಳಬೇಕು, ಬಟ್ಟೆ ಒಣಗುವ ಮೊದಲೇ, ಅವತ್ತೇ ಬನ್ನಿ ಅಂದಿದ್ದಳು ನರ್ಸಮ್ಮ, ಅವತ್ತೇ ಅಂದರೆ ಇವತ್ತೇ, ನಾಲಿಗೆಯೂ ಕಾಲಿನ ಹಾಗೇ ಆಗಿದೆ, ಏಳುತ್ತಿಲ್ಲ. ಸ್ಟಾರ್ಟ್ ಮಾಡ್ಲಾ ಮೇಷ್ಟ್ರೇ, ಲಾರಿಯವನು ಬಯ್ತಾ ಇದಾನೆ, ಹೋಗ್ಲಾ? ಏಳು ಅಂದರು ಮೇಷ್ಟ್ರು ಹೆಬ್ಬೆರಳಿಗೆ, ಮನಸ್ಸಿನಲ್ಲೇ, ಕಲಿಯುವವರಿಗೆ ಹೇಳುವ ಹಾಗೆ, ನಿಧಾನಕ್ಕೆ, ಹೆದರದೆ, ಏಳು, ಸ್ವಲ್ಪ, ಒಂದೇ ಒಂದು ಸಲ, ಹೋಗ್ಲಾ ಮೇಷ್ಟ್ರೇ, ಏಳು ಮಹಾರಾಯ, ಏಳು, ಬ್ರೇಕಿನ ಅಡಿಯಲ್ಲಿ ಚಪ್ಪಲಿ, ಹಿಮ್ಮಡಿ ಮಡಚಿದ ಚಪ್ಪಲಿ, ಬ್ರೇಕಿನ ಅಡಿಯಲ್ಲಿ ಚಪ್ಪಲಿ.